ವೇತನವೂ ಗೌರವವೂ

ವಿದ್ಯೆಯು ಮನುಷ್ಯನಿಗೆ ಅನ್ನವನ್ನೂ ಗೌರವವನ್ನೂ ಕೂಡಿಯೇ ತಂದುಕೊಡಬೇಕೆಂದು ನಮ್ಮ ಹಿರಿಯರ ಆಶಯವಾಗಿದ್ದಿತು. ಒಂದನ್ನು ಪಡೆಯುವುದಕ್ಕಾಗಿ ಮತ್ತೊಂದನ್ನು ಬಿಟ್ಟುಕೊಡಬೇಕಾದ ಪ್ರಸಂಗ ಬಂದರೆ ವಿದ್ಯಾವಂತರು ಮಾಡತಕ್ಕುದೇನು? ಕೆಲವು ತಿಂಗಳುಗಳಿಂದ ಈ ಪ್ರಶ್ನೆಯು ನನ್ನ ಮನಸ್ಸನ್ನು ಆವರಿಸಿಕೊಂಡಿದೆ. ಇದಕ್ಕೆ ಕಾರಣಳಾದವಳು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು.

ಆಕೆಯು ಬೆಂಗಳೂರಿನಲ್ಲಿ ಕಾನೂನು ಓದಿ, ಮದುವೆಯಾಗಿ ಅಲ್ಲಿಗೆ ಹೋದಮೇಲೆ ಮತ್ತೊಂದು ವರ್ಷ ವ್ಯಾಸಂಗಮಾಡಿ, ಆ ಸಂಸ್ಥಾನದ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವಳು. ಆದರೆ ನ್ಯಾಯಾಸ್ಥಾನದಲ್ಲಿ ನಿಂತು ವಾದಿಸುವ ಯೋಗವು ಇನ್ನೂ ಒದಗಿಲ್ಲ. ದೊಡ್ಡ ಕಂಪೆನಿಗಳಲ್ಲಿ ವ್ಯಾಜ್ಯ ಹುಟ್ಟಿದಾಗ, ಉಭಯ ಪಕ್ಷದವರೂ ವಿಷಯಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ಪರಸ್ಪರ ಒಪ್ಪಿಸಬೇಕೆಂಬುದು ಆ ದೇಶದ ಪದ್ಧತಿ. ಇ-ಮೇಲಿನ ಈ ಕಾಲದಲ್ಲಿ ಅವುಗಳ ಸಂಖ್ಯೆಯು ಲಕ್ಷಗಟ್ಟಲೆಗೆ ಏರುವುದುಂಟು. ಯಾವುದು ವ್ಯಾಜ್ಯಕ್ಕೆ ಸೇರಿದ್ದು, ಯಾವುದು ಕಕ್ಷಿಗಾರನಿಗೂ ಅವನ ವಕೀಲನಿಗೂ ನಡುವಣ ಗುಟ್ಟು ಎಂದು ನೋಡಿ ಗುರುತು ಹಾಕುವುದಕ್ಕಾಗಿ, ವಕೀಲರ ದೊಡ್ಡ ಕಛೇರಿಗಳು ಏಜೆನ್ಸಿಗಳ ಮೂಲಕ ತಾತ್ಕಾಲಿಕ ವಕೀಲರನ್ನು ಗಂಟೆಯ ಲೆಕ್ಕದಮೇಲೆ ಗೊತ್ತುಮಾಡಿಕೊಳ್ಳುವುವು. ಕೆಲಸವು ಮೂರು ವಾರವೋ, ಮೂರು ತಿಂಗಳೋ! ಕಕ್ಷಿಗಾರರು ರಾಜಿಯಾದರೆಂದರೆ ಆ ಸಂಜೆಗೇ ಮುಗಿಯಿತು.

ಈ ವೃತ್ತಿಯ ವೈಚಿತ್ರ್ಯವೊಂದನ್ನು ಆಕೆಯು ಕಾಗದದಲ್ಲಿ ಬರೆದಿದ್ದಳು. ಅಮೆರಿಕದ ೧೯೩೮ರ ಕಾನೂನಿನಂತೆ ವಾರಕ್ಕೆ ೪೦ ಗಂಟೆ ಮೀರಿ ದುಡಿದವನಿಗೆ ಮೀರಿದ ಗಂಟೆಗೆ ಒಂದೂವರೆಯಷ್ಟು ಕೂಲಿ ಸಲ್ಲಬೇಕು. ಆದರೆ ವಕೀಲಿವೃತ್ತಿ ನಡೆಸುವವರಿಗೆ ಇದು ಅನ್ವಯಿಸುವುದಿಲ್ಲ. ಡೇವಿಡ್ ಲೋಲಾ ಎಂಬ ತಾತ್ಕಾಲಿಕ ವಕೀಲನು ಗಂಟೆಗೆ ೨೫ ಡಾಲರಿನಂತೆ ದುಡಿದು, ಹೆಚ್ಚಿನ ಕೂಲಿಗಾಗಿ ದಾವೆ ಹೂಡಿದನು. ಗೊತ್ತುಮಾಡಿಕೊಟ್ಟ ಪದಗಳು ಕಾಗದದಲ್ಲಿವೆಯೇ ಎಂದು ನೋಡುವುದು, ಮೊದಲೇ ನಿಶ್ಚಯಿಸಿದ ವರ್ಗಗಳಲ್ಲಿ ಒಂದಕ್ಕೆ ಸೇರಿಸುವುದು, ಕೆಲವೆಡೆ ಕಪ್ಪು ಚೌಕ ಎಳೆದು ಮುಚ್ಚುವುದು, ಇಷ್ಟೇ ತನ್ನ ಕೆಲಸವೆಂದು ಅವನ ವಾದ. ಕೆಳಗಿನ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ೨೦೧೫ರಲ್ಲಿ ಅಪೀಲು ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ, ಸಂಪೂರ್ಣವಾಗಿ ಯಂತ್ರವೇ ಮಾಡಬಹುದಾದ ಕೆಲಸವನ್ನಷ್ಟೇ ಮಾಡಿದವನು ವಕೀಲಿವೃತ್ತಿ ನಡೆಸಿದನೆಂದು ಹೇಳಲಾಗದೆಂದು ಅಭಿಪ್ರಾಯಪಟ್ಟಿತು.

ವಾಚಕರು ಇದರ ಸ್ವಾರಸ್ಯವನ್ನು ಗಮನಿಸಬೇಕು. ನ್ಯಾಯವಾದ ಕೂಲಿ ದೊರೆಯಬೇಕಾದರೆ ಆ ವಿದ್ಯಾವಂತನು ‘ನಾನು ಮಾಡಿದ್ದು ಯಂತ್ರದ ಕೆಲಸ’ ಎಂದು ತಾನಾಗಿ ಒಪ್ಪಿಕೊಳ್ಳಬೇಕು. ‘ನಾನು ವಕೀಲ’ನೆಂದರೆ ಹೆಚ್ಚಿನ ಕೂಲಿ ಇಲ್ಲ! ಇತ್ತ ಇಂಥ ವಕೀಲರಿಗೆ ಕೊಟ್ಟ ಹಣಕ್ಕೆ ಲಾಭವನ್ನು ಸೇರಿಸಿ, ಆ ಹೆಚ್ಚಳವನ್ನು ತಿಳಿಸದೆಯೇ, ವಕೀಲರ ಶುಲ್ಕವೆಂದು ಕಕ್ಷಿಗಾರನಿಂದ ಪಡೆಯಬಹುದೆಂದು ಆ ದೇಶದ ವಕೀಲರ ಮಹಾಸಂಘವು ೨೦೦೦ದಲ್ಲಿ ಅಭಿಪ್ರಾಯ ಕೊಟ್ಟಿದೆ. ‘ಬಿಲ್ಲಿನಲ್ಲಿ ನಾನು ವಕೀಲಳು, ಮಾವ, ಕಛೇರಿಯಲ್ಲಿ ಮಾತ್ರ ನನ್ನ ಹೆಸರನ್ನು ಕೇಳಿದವರಿಲ್ಲ’ ಎಂದು ಆಕೆ ಬರೆದ ವಾಕ್ಯವು ನನ್ನನ್ನು ಬಹಳವಾಗಿ ನೋಯಿಸಿತು.

ಈ ಅವಸ್ಥೆಯು ನನಗೆ ಅಪರಿಚಿತವಲ್ಲ. ಕೆಲಸವು ಖಾಯಮ್ಮಾಗುವ ಮುನ್ನ ಮೂರು ವರ್ಷ ನಾನೊಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಸಂಸ್ಕೃತ ಪಂಡಿತನಾಗಿದ್ದೆನು. ಬೇಸಗೆ ರಜೆಯ ಹಿಂದಿನ ದಿವಸ ಬಿಡುಗಡೆಯ ಕಾಗದ, ಜೂನ್ ತಿಂಗಳಲ್ಲಿ ಮತ್ತೆ ನೇಮಕದ ಕಾಗದ. ಎರಡು ತಿಂಗಳ ಸಂಬಳವನ್ನುಳಿಸುವ ಉಪಾಯವಿದು. ನಮ್ಮ ನಮ್ಮ ಸಂಬಳವನ್ನು ಪರಸ್ಪರ ತಿಳಿಸಕೂಡದೆಂದು ಕಟ್ಟಪ್ಪಣೆಯಿದ್ದಿತು. ಇಂದು ನಮ್ಮ ನಾಡಿನಲ್ಲಿ ಅಂಥವರಿಗೆ ‘ಅತಿಥಿ ಶಿಕ್ಷಕ’ರೆಂಬ ಸೊಗಸಾದ ಹೆಸರಿದೆ. ಬರುವ ತಿಥಿ ಗೊತ್ತಿಲ್ಲದವನೇ ಅತಿಥಿಯೆಂದು ಪಂಡಿತರು ವ್ಯುತ್ಪತ್ತಿ ಹೇಳುವರು. ಇವರಿಗೆ ಹೋಗುವ ತಿಥಿಯೂ ಗೊತ್ತಿರುವುದಿಲ್ಲ.

ಹೀಗಿರಲು, ಆಕೆಯೂ ಜೊತೆಯವರಾದ ಆರು ಮಂದಿಯೂ ಸೇರಿ ತಾತ್ಕಾಲಿಕ ವಕೀಲರದೇ ಒಂದು ಸಂಘವನ್ನು ಸ್ಥಾಪಿಸಬೇಕೆಂದಿರುವರೆಂದೂ, ಅದು ತಕ್ಕದ್ದೇ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಬೇಕೆಂದೂ ಕೇಳಿದಳು. ಭಯವಿದ್ದುದು ಒಂದೇ. ಇಂಥವರನ್ನು ಕೆಲಸದಿಂದ ತೆಗೆದುಹಾಕುವ ಅಗತ್ಯವೇ ಇಲ್ಲ. ಏಜೆನ್ಸಿಯವರು ಮತ್ತೆ ಕರೆಯದಿದ್ದರೆ ಸಾಕು. ಮನೆಯ ಬಾಡಿಗೆಯೂ ಓದಿನ ಸಾಲವೂ ಆ ಕರೆಯನ್ನೇ ನಂಬಿಕೊಂಡಿರುವುವು.

ನಾನು ಕಾನೂನು ಬಲ್ಲವನಲ್ಲ. ನನಗೆ ತಿಳಿದದ್ದು ಹಳೆಯ ಶಾಸ್ತ್ರ. ಮನುಸ್ಮೃತಿಯು ಎಣಿಸುವ ೧೮ ವ್ಯವಹಾರಪದಗಳಲ್ಲಿ ಕೂಲಿಯನ್ನು ಕೊಡದಿರುವ ‘ವೇತನಾದಾನ’ವೂ, ಹಲವರು ಕೂಡಿ ಕೆಲಸ ನಡೆಸುವ ‘ಸಂಭೂಯಸಮುತ್ಥಾನ’ವೂ, ಸಮೂಹವು ಮಾಡಿಕೊಂಡ ಕಟ್ಟಳೆಯನ್ನು ಮೀರುವ ‘ಸಂವಿದ್ವ್ಯತಿಕ್ರಮ’ವೂ ಸೇರಿವೆ. ಕಲ್ಯಾಣದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿಯೂ ಇವುಗಳನ್ನು ವಿವರಿಸಿರುವನು. ಯಜ್ಞದಲ್ಲಿ ವೃತನಾದ ಋತ್ವಿಜನು ನಡುವೆ ಕೆಲಸ ಬಿಡಬೇಕಾಗಿ ಬಂದರೂ ಮಾಡಿದಷ್ಟಕ್ಕೆ ತಕ್ಕ ಭಾಗವು ಅವನಿಗೆ ಸಲ್ಲಬೇಕೆಂದು ಸ್ಮೃತಿಯ ಮತ. ದಕ್ಷಿಣೆಯ ಲೆಕ್ಕವನ್ನು ಕೇಳಿದ ಮಾತ್ರಕ್ಕೆ ಅವನ ಋತ್ವಿಕ್ತ್ವಕ್ಕೆ ಕುಂದು ಬರುವುದೆಂದು ಯಾರೂ ಹೇಳಲಿಲ್ಲ.

ಆದುದರಿಂದ ಸಂಘವು ತಕ್ಕದ್ದೇ ಎಂದು ಬರೆದೆನು. ಆದರೆ ದಾರಿಯು ಸುಗಮವಲ್ಲವೆಂದು ಆಕೆಯೇ ತಿಳಿಸಿದಳು. ೧೯೮೩ರಲ್ಲಿ ವಾಷಿಂಗ್ಟನ್ ನಗರದಲ್ಲಿ ಬಡ ಆರೋಪಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಾದಿಸುತ್ತಿದ್ದ ವಕೀಲರು, ನ್ಯಾಯಾಲಯದಲ್ಲಿ ಗಂಟೆಗೆ ೩೦ ಡಾಲರೂ ಹೊರಗೆ ೨೦ ಡಾಲರೂ ಸಾಲದೆಂದು ಹೊಸ ಮೊಕದ್ದಮೆಗಳನ್ನು ನಿರಾಕರಿಸಿದರು. ಶುಲ್ಕವೇನೋ ೩೫ಕ್ಕೆ ಏರಿತು. ಆದರೆ ಸ್ವತಂತ್ರ ವೃತ್ತಿಗಾರರು ಕೂಡಿ ಬೆಲೆ ಕಟ್ಟುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು ೧೯೯೦ರಲ್ಲಿ ತೀರ್ಮಾನಿಸಿತು. ಇದಕ್ಕೆ ಪ್ರತಿಯಾಗಿ, ನೌಕರರೆನಿಸಿದವರು ಪರಸ್ಪರ ಹಿತಕ್ಕಾಗಿ ಕೂಡಿ ನಡೆಯಬಹುದೆಂದು ೧೯೩೫ರ ಕಾನೂನು ರಕ್ಷಣೆ ಕೊಟ್ಟಿದೆ; ತಮ್ಮ ಸಂಬಳದ ವಿಷಯವನ್ನು ತಮ್ಮೊಳಗೆ ಮಾತನಾಡಿಕೊಳ್ಳುವುದೂ ಅದರಲ್ಲಿ ಅಡಕವಾಗಿದೆ. ಹೀಗೆ ತಾನು ಏಜೆನ್ಸಿಯ ನೌಕರನೋ ಸ್ವತಂತ್ರ ಗುತ್ತಿಗೆದಾರನೋ ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ಕರಾರುಪತ್ರವನ್ನು ನೋಡಿ ಖಚಿತಮಾಡಿಕೊಳ್ಳುವುದೇ ಮೊದಲ ಹೆಜ್ಜೆಯೆಂದಾಯಿತು. ಆ ಏಳು ಮಂದಿಯೂ ನೌಕರರ ಪಟ್ಟಿಯಲ್ಲಿಯೇ ಇರುವರಂತೆ.

ನಾನು ಸೂಚಿಸಿದುದು ಮೂರೇ ಮಾತು. ಸಂಘದ ಹೆಸರಿನಲ್ಲಿ ‘ವಕೀಲ’ ಎಂಬ ಪದವಿರಲಿ. ಕೂಲಿ ಕೇಳುವ ಭರದಲ್ಲಿ ಅದನ್ನು ಮರೆಮಾಚಬಾರದು. ಎರಡನೆಯದಾಗಿ, ಯಾವ ಕೆಲಸಕ್ಕೆ ಎಷ್ಟು ಗಂಟೆ, ಎಷ್ಟು ದರ, ಎಷ್ಟು ದಿನದಲ್ಲಿ ಹಣ ಬಂದಿತೆಂಬುದನ್ನು ಎಲ್ಲರೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಗುಟ್ಟಿನಿಂದ ನಡೆಯುವ ಅನ್ಯಾಯವು ಲೆಕ್ಕಕ್ಕೆ ಅಂಜುವುದು. ಮೂರನೆಯದು ನನಗೆ ಮುಖ್ಯವಾದುದು: ಕಕ್ಷಿಗಾರನ ಗುಟ್ಟನ್ನು ಕಾಯುವೆವು, ದಣಿದ ಕಣ್ಣಿನಿಂದ ಕಾಗದವನ್ನು ನೋಡದೆಯೇ ಗುರುತು ಹಾಕೆವು ಎಂದು ಸದಸ್ಯರು ತಮಗೆ ತಾವೇ ಕಟ್ಟಳೆ ವಿಧಿಸಿಕೊಳ್ಳಲಿ. ಕೇಳುವುದರ ಜೊತೆಗೆ ಹೊಣೆಯನ್ನೂ ಹೊತ್ತ ಸಂಘವನ್ನು ಯಂತ್ರಗಳ ಗುಂಪೆಂದು ಯಾರೂ ಕರೆಯಲಾರರು.

ಹೋದ ತಿಂಗಳು ಒಂದು ಭಾನುವಾರ ಆಕೆಯ ಅಡಿಗೆಮನೆಯ ಮೇಜಿನ ಸುತ್ತ ಏಳು ಮಂದಿಯೂ ಕುಳಿತು ನಿಯಮಗಳಿಗೆ ರುಜುಮಾಡಿದರೆಂದು ಕಾಗದ ಬಂದಿದೆ. ಮೂರನೆಯ ನಿಯಮದಮೇಲೆ ಬಹಳ ಚರ್ಚೆ ನಡೆಯಿತಂತೆ. ಈಗ ಕೈಯಲ್ಲಿರುವ ಕೆಲಸವು ತಿಂಗಳ ಕೊನೆಗೆ ಮುಗಿಯುವುದು. ಮುಂದಿನ ಕರೆ ಬರುವುದೋ ಇಲ್ಲವೋ ಎಂದು ತಂಗಿಗೆ ಚಿಂತೆ. ನನಗೂ ಇಲ್ಲದಿಲ್ಲ. ಆದರೆ ಕರೆ ಬಾರದಿದ್ದರೆ ಆ ಸಂಗತಿಯು ಇನ್ನುಮುಂದೆ ಒಬ್ಬಳ ದುರದೃಷ್ಟವಾಗಿ ಉಳಿಯದೆ ಏಳು ಮಂದಿಯ ಪುಸ್ತಕದಲ್ಲಿ ದಾಖಲಾಗುವುದು.

ಪ್ರಿಯ ವಾಚಕರೆ, ನಿಮ್ಮ ಮನೆಗಳಲ್ಲಿಯೂ ತಾತ್ಕಾಲಿಕ ಕೆಲಸದಲ್ಲಿರುವ ಮಕ್ಕಳಿರಬಹುದು. ‘ಖಾಯಂ ಯಾವಾಗ?’ ಎಂದು ದಿನವೂ ಕೇಳಿ ಅವರನ್ನು ನೋಯಿಸುವ ಬದಲು, ‘ನಿನ್ನ ಜೊತೆಯಲ್ಲಿ ಎಷ್ಟು ಮಂದಿ ಇರುವರು?’ ಎಂದೊಮ್ಮೆ ಕೇಳಿನೋಡಿರಿ.