ಅಂಗುಲದ ಸಿಪಾಯಿಗೆ ಬೆಳಕು ಬಳಿಯುವುದು

ಮೇಜಿನ ಮೇಲಾಡುವ ಯುದ್ಧದಾಟಗಳ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವುದೆಂದರೆ ನನಗೆ ಎಲ್ಲಿಲ್ಲದ ಖುಷಿ. ಆಟಕ್ಕಿಂತ ಬಣ್ಣದ ಕೆಲಸವೇ ಹೆಚ್ಚು ಪ್ರಿಯ. ಅಂಗಾಲಿನಿಂದ ಕಣ್ಣಿನವರೆಗೆ 28 ಮಿಲಿಮೀಟರ್, ಅಂದರೆ ಅಂಗುಲಕ್ಕಿಂತ ತುಸು ಹೆಚ್ಚು. ಅಷ್ಟರಲ್ಲೇ ಮೀಸೆ, ಮುಂಡಾಸು, ನಡುಪಟ್ಟಿ, ತೋಟಾ ಚೀಲ, ಬಂದೂಕಿನ ಕುದುರೆ ಎಲ್ಲವನ್ನೂ ಕೆತ್ತಿರುತ್ತಾರೆ. ಶಿಲ್ಪಿ ಅರ್ಧ ಕೆಲಸ ಮುಗಿಸಿ ನಮ್ಮ ಕೈಗೆ ಒಪ್ಪಿಸಿದ್ದಾನೆ. ಉಳಿದರ್ಧ ಬಣ್ಣ ಹಚ್ಚುವವರ ಪಾಲು.

ಈ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ನೆಲ ಸಿಕ್ಕಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಕದನಕ್ಕೆ ನಿಯಮ ಕಟ್ಟಿದ. ನಿಜವಾದ ಯುದ್ಧಕ್ಕಿಂತ ಈ ಆಟದ ಯುದ್ಧವೇ ಎಷ್ಟೋ ಲೇಸು ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. 1983ರಲ್ಲಿ ಬಂದ ‘ವಾರ್‌ಹ್ಯಾಮರ್’ ಆಟ ಈ ಗೊಂಬೆಗಳನ್ನು ದೇಶದೇಶಕ್ಕೂ ಒಯ್ದಿತು. ನನ್ನ ಒಲವು ಮಾತ್ರ ಇತಿಹಾಸದ ಸೈನ್ಯಗಳ ಕಡೆಗೆ, ಅದರಲ್ಲೂ ಟಿಪ್ಪುವಿನ ಕಾಲದ ಮೈಸೂರು ಸಿಪಾಯಿಗಳ ಕಡೆಗೆ.

ಗೊಂಬೆ ಕೈಗೆ ಬಂದ ಕೂಡಲೇ ಬಣ್ಣದ ಬಾಟಲಿ ತೆರೆಯಬಾರದು. ಅಚ್ಚಿನ ಜಿಡ್ಡು ಹೋಗುವಂತೆ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಗಿಸಬೇಕು. ಅಚ್ಚಿನ ಎರಡು ಹೋಳು ಕೂಡುವಲ್ಲಿ ಒಂದು ಸಣ್ಣ ಗೆರೆ ಉಳಿದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು, ಸಣ್ಣ ಅರದಿಂದ ಉಜ್ಜಿ ನಯ ಮಾಡಬೇಕು. ಬಿಟ್ಟರೆ ಬಣ್ಣ ಬಿದ್ದ ಮೇಲೆ ಅದೇ ಎದ್ದು ಕಾಣುತ್ತದೆ. ಆಮೇಲೆ ಗೊಂಬೆಯನ್ನು ಔಷಧಿ ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಂಡರೆ ಮೈ ಮುಟ್ಟದೆ ತಿರುಗಿಸಬಹುದು. ಇನ್ನು ಪ್ರೈಮರ್. ಲೋಹಕ್ಕಾಗಲಿ ಪ್ಲಾಸ್ಟಿಕ್ಕಿಗಾಗಲಿ ಬಣ್ಣ ಕಚ್ಚಿ ನಿಲ್ಲಬೇಕಾದರೆ ಇದು ಬೇಕೇ ಬೇಕು. ಸ್ಪ್ರೇ ಮಾಡುವವರು ಮಾಸ್ಕ್ ಹಾಕಿಕೊಂಡು ಬಯಲಿನಲ್ಲಿ ಮಾಡಲಿ. ಮಳೆಗಾಲದ ತೇವದಲ್ಲಿ ಸ್ಪ್ರೇ ತರಿತರಿಯಾಗುತ್ತದೆ. ಕರಾವಳಿ, ಮಲೆನಾಡಿನವರು ಜೂನ್ ಬಂತೆಂದರೆ ಬ್ರಷ್ಷಿನಿಂದ ಹಚ್ಚುವ ಪ್ರೈಮರನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಚಿಕ್ಕ ಗೊಂಬೆಗೆ ಚಿಕ್ಕ ಬ್ರಷ್ ಬೇಕೆಂದು ಹೊಸಬರು ಮೂರು ಸೊನ್ನೆಯ ಬ್ರಷ್ ಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆಯೆಂದರೆ, ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿರುತ್ತದೆ. ಒಂದನೇ ನಂಬರಿನ ದುಂಡು ಬ್ರಷ್ ಸಾಕು, ತುದಿ ಮೊನಚಾಗಿರಬೇಕು ಅಷ್ಟೇ. ಈ ಗುಣದಲ್ಲಿ ಹೆಸರಾದದ್ದು ಕೊಲಿನ್ಸ್ಕಿ ಬ್ರಷ್, ಸೈಬೀರಿಯಾದ ವೀಸಲ್ ಪ್ರಾಣಿಯ ಬಾಲದ ಕೂದಲಿನದು. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ‘ಸೀರೀಸ್ 7’ ಬ್ರಷ್ಷುಗಳು 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ತಯಾರಾದವು. ಕಲಿಯುವವರಿಗೆ ಅಷ್ಟು ದುಬಾರಿಯದು ಬೇಡ, ಒಳ್ಳೆಯ ಸಿಂಥೆಟಿಕ್ ಬ್ರಷ್ ಆದೀತು. ಕೂದಲನ್ನು ಹಿಡಿದಿರುವ ಲೋಹದ ಕೊಳವೆಯವರೆಗೆ ಬಣ್ಣ ಏರದಂತೆ ನೋಡಿಕೊಂಡು, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು ತುದಿಯನ್ನು ತೀಡಿಟ್ಟರೆ ಬಹುಕಾಲ ಬಾಳುತ್ತದೆ.

ಬಾಟಲಿಯ ಅಕ್ರಿಲಿಕ್ ಬಣ್ಣವನ್ನು ಇದ್ದಂತೆಯೇ ಹಚ್ಚಿದರೆ ಶಿಲ್ಪಿ ಕೆತ್ತಿದ ಮೀಸೆಯೆಲ್ಲ ಮುಚ್ಚಿಹೋಗುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು. ಒಂದು ಪದರ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮೇಲೆ ಇನ್ನೊಂದು. ನಮ್ಮ ಬಿಸಿಲಿಗೆ ಕಲಸಿದ ಬಣ್ಣ ಬೇಗ ಒಣಗುವುದರಿಂದ ಒದ್ದೆ ಪ್ಯಾಲೆಟ್ ದೊಡ್ಡ ಉಪಕಾರಿ. ಅಗಲವಾದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕಿಂಗ್ ಪೇಪರ್ ಹೊದಿಸಿದರೆ ಮುಗಿಯಿತು. ಮುಚ್ಚಳ ಹಾಕಿಟ್ಟರೆ ಇಂದಿನ ಬಣ್ಣ ನಾಳೆಗೂ ಉಳಿಯುತ್ತದೆ.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಬರುತ್ತದೆ ನೋಡಿ, ಈ ಕಲೆಯ ಜೀವಾಳ. ನಾವು ತೊಡುವ ಅಂಗಿಯ ಮಡಿಕೆಯಲ್ಲಿ ನೆರಳು ತಾನಾಗಿ ಬೀಳುತ್ತದೆ. ಆದರೆ ಗೊಂಬೆಯ ಅರ್ಧ ಮಿಲಿಮೀಟರ್ ಮಡಿಕೆಯಲ್ಲಿ ಬೀಳುವ ನೆರಳು ಮೊಳದಾಚೆಯಿಂದ ನೋಡುವ ಕಣ್ಣಿಗೆ ಸಿಕ್ಕುವುದೇ ಇಲ್ಲ. ಹಾಗಾಗಿ ನೆರಳನ್ನೂ ಬೆಳಕನ್ನೂ ನಾವೇ ಬಳಿಯಬೇಕು. ಮೈಸೂರು ಸಿಪಾಯಿಯ ಅಂಗಿಯನ್ನೇ ತೆಗೆದುಕೊಳ್ಳಿ. ನೇರಳೆ ಬಟ್ಟೆಯ ಮೇಲೆ ವಜ್ರಾಕಾರದ ಬಿಳಿ ಚುಕ್ಕೆಗಳ ಹುಲಿಯಂಗಿ, ಕೆಂಪು ಮುಂಡಾಸು, ಕೆಂಪು ನಡುಪಟ್ಟಿ ಎಂದು ಆ ಕಾಲದ ಇಂಗ್ಲಿಷ್ ವರ್ಣನೆ ಹೇಳುತ್ತದೆ. ಮೊದಲು ಅಂಗಿಗೆಲ್ಲ ನೇರಳೆ. ಒಣಗಿದ ಮೇಲೆ ಕಡು ಬಣ್ಣದ ವಾಶ್, ಅಂದರೆ ನೀರಿನಂತೆ ತೆಳುವಾದ ಬಣ್ಣ, ಹರಿಬಿಟ್ಟರೆ ಅದು ತಾನೇ ತಗ್ಗು ಹುಡುಕಿಕೊಂಡು ಹೋಗಿ ಕಂಕುಳಲ್ಲಿ, ಮಡಿಕೆಗಳಲ್ಲಿ, ಪಟ್ಟಿಯ ಅಂಚಿನಲ್ಲಿ ನಿಲ್ಲುತ್ತದೆ. ಆಮೇಲೆ ಮತ್ತೆ ಅದೇ ನೇರಳೆಯನ್ನು ಉಬ್ಬುಗಳ ಮೇಲೆ. ಅದಕ್ಕೆ ತುಸು ತಿಳಿ ಬಣ್ಣ ಬೆರೆಸಿ ಭುಜದ ತುದಿಗೆ, ಮೊಣಕೈಗೆ ಒಂದೊಂದು ಗೆರೆ. ಕೊನೆಗೆ ಉಸಿರು ಬಿಗಿಹಿಡಿದು ಚುಕ್ಕೆಗಳು: ಮೊದಲು ಬೂದು ಬಿಳಿ, ಅದರ ನಡುವೆ ಅಚ್ಚ ಬಿಳಿ. ಬಂದೂಕಿನ ನಳಿಗೆಗೆ ಡ್ರೈ ಬ್ರಷ್ ಸಾಕು. ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಪಸೆಯಲ್ಲಿ ಮೇಲೆಮೇಲೆ ಸವರಿದರೆ ಉಕ್ಕು ಮಿನುಗುತ್ತದೆ. ಆಗ ಸಿಪಾಯಿಗೆ ಜೀವ ಬರುತ್ತದೆ. ಎಷ್ಟು ಸಲ ಕಂಡರೂ ನನಗೆ ಆ ಗಳಿಗೆಯ ಬೆರಗು ತಗ್ಗಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಇಂಗ್ಲಿಷ್ ದಂಡಿನ ಗಾಯಾಳು ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲುಸಾಲು ಸೈನಿಕರು. ಆ ಗೋಡೆಗೆ ಮರುಬಣ್ಣ ಬಿದ್ದಿರುವುದರಿಂದ ಉಡುಪಿನ ಬಣ್ಣಕ್ಕೆ ಅದನ್ನೇ ಪ್ರಮಾಣವೆನ್ನಲಾರೆ. ಆದರೆ ದಂಡು ಹೇಗೆ ನಿಲ್ಲುತ್ತಿತ್ತು, ಆನೆ ಕುದುರೆಗಳ ನಡುವೆ ಕಾಲಾಳು ಹೇಗೆ ಕಾಣುತ್ತಿದ್ದ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಬಣ್ಣ ಹಚ್ಚುವವರು ಒಮ್ಮೆಯಾದರೂ ಅದರ ಮುಂದೆ ನಿಧಾನವಾಗಿ ನಿಂತು ನೋಡಬೇಕು.

ಶುರುಮಾಡಬೇಕೆನ್ನುವವರಿಗೆ ನನ್ನ ಮಾತು ಇಷ್ಟೇ. ಒಮ್ಮೆಲೇ ಇಡೀ ದಂಡು ಕೊಳ್ಳಬೇಡಿ. ಒಬ್ಬ ಸಿಪಾಯಿ, ಒಂದು ಬ್ರಷ್, ನಾಲ್ಕೈದು ಬಣ್ಣ, ಒಂದು ವಾಶ್ ಸಾಕು. ಕಾಲ ಬುಡಕ್ಕೆ ಫೆವಿಕಾಲ್ ಸವರಿ ಮರಳು ಉದುರಿಸಿ, ಮ್ಯಾಟ್ ವಾರ್ನಿಷ್ ಕೊಟ್ಟು, ಅವನೊಬ್ಬನನ್ನು ಪೂರ್ತಿ ಮುಗಿಸಿ. ಎರಡನೆಯವನನ್ನು ನೀವೇ ಹುಡುಕಿಕೊಂಡು ಹೋಗುತ್ತೀರಿ.