ಹುಣಸೆ ಬೀಜದ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಕೆ.ಆರ್. ಪೇಟೆ ಕಡೆಯ ಆ ಹಳ್ಳಿಮನೆಯ ಜಗಲಿಯಲ್ಲಿ ಮೊಮ್ಮಕ್ಕಳ ಗದ್ದಲವೋ ಗದ್ದಲ. ಶ್ರೀರಂಗಪಟ್ಟಣದಿಂದ ಹಿರಿಯ ಮಗಳ ಮಗ, ಪಾಂಡವಪುರದಿಂದ ಎರಡನೆಯವಳ ಮಗ, ನಾಗಮಂಗಲದಿಂದ ಕಿರಿಯವಳ ಮಗಳು ಬರುತ್ತಾರೆ. ಮನೆಯಲ್ಲೇ ಇರುವ ಮಗನ ಮಗನೂ ಸೇರಿದರೆ ಚೌಕಾಬಾರದ ನಾಲ್ಕು ದಿಕ್ಕಿಗೂ ಜನ ಸರಿಹೋಯಿತು. ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ಕಟ್ಟೆಗಳಿಗೆ ಅಡ್ಡಗೀಟು ಎಳೆದು ಕೂತರೆ ಊಟಕ್ಕೆ ಏಳಿಸಲು ಅಜ್ಜಿ ನಾಲ್ಕು ಸಲ ಕೂಗಬೇಕು.

ಆಟಕ್ಕೆ ಬೇಕಾದ್ದು ನಾಲ್ಕು ಹುಣಸೆ ಬೀಜ. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ, ಇನ್ನೊಂದನ್ನು ಕಪ್ಪಗೇ ಬಿಟ್ಟಿರುತ್ತಾರೆ. ಎಷ್ಟು ಬಿಳಿ ಮೇಲಾಗುತ್ತದೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಎಂದರೆ ಎಂಟು ಮನೆ. ಈ ಸಲದ ಬೀಜಗಳನ್ನು ತೇಯ್ದವಳು ನಾಗಮಂಗಲದ ಹುಡುಗಿ. ಆ ಮಧ್ಯಾಹ್ನ ಬಾರದ ಮೇಲೆ ಬಾರ ಬಿದ್ದದ್ದೂ ಅವಳಿಗೇ.

ಶ್ರೀರಂಗಪಟ್ಟಣದವನು ಎಂಟನೇ ತರಗತಿಯ ಹುಡುಗ, ಲೆಕ್ಕದಲ್ಲಿ ಚುರುಕು. ಅವಳು ಎಸೆದದ್ದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಹಾಕಿಕೊಂಡಿದ್ದ: 40 ಎಸೆತ, 6 ಬಾರ. ಬೀಜಕ್ಕೆ ಎರಡು ಮಗ್ಗುಲು. ನಾಲ್ಕು ಬೀಜ ಬೀಳಬಹುದಾದ ಬಗೆ ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು, ಎಂಟೆರಡ್ಲ 16. ಅದರಲ್ಲಿ ನಾಲ್ಕೂ ಕಪ್ಪಾಗುವುದು ಒಂದೇ ಬಗೆ. 16ಕ್ಕೆ ಒಂದರಂತೆ 40ಕ್ಕೆ ಎರಡೋ ಮೂರೋ ಬಾರ ಬೀಳಬೇಕು. ಆರು ಹೇಗೆ ಬಿತ್ತು? ‘ಇವು ಕಳ್ಳ ಬೀಜ, ಬೇಕೂಂತಲೇ ಹೀಗೆ ತೇಯ್ದಿದ್ದಾಳೆ’ ಎಂದುಬಿಟ್ಟ. ಹುಡುಗಿ ಅಳುತ್ತಾ ಒಳಗೆ ಹೋಗಿ, ನಾಳೆಯ ಬಸ್ಸಿಗೆ ಊರಿಗೆ ಹೋಗುತ್ತೇನೆಂದು ಬಟ್ಟೆ ಮಡಿಸತೊಡಗಿದಳು.

ಅಜ್ಜಿ ಹೊರಗೆ ಬಂದರು. ‘ಎಲ್ರೂ ಅವೇ ಬೀಜ ತಾನೆ ಕಣ್ಲಾ ಎಸ್ದಿದ್ದು? ನಿಂಗೆಷ್ಟು ಬಾರ ಬಿತ್ತು, ಬರ್ಕೊಂಡಿದ್ದೀಯಾ?’

ಅವನು ಬರೆದುಕೊಂಡಿರಲಿಲ್ಲ. ಅನುಮಾನ ಬಂದವರ ಎಸೆತವನ್ನಷ್ಟೇ ಎಣಿಸುವುದು ಹುಡುಗರ ಚಾಳಿ ಮಾತ್ರವಲ್ಲ, ಬಿಡಿ.

‘ನಳರಾಜನ ಕತೆ ಮರ್ತ್ಯಾ?’ ಎಂದರು ಅಜ್ಜಿ. ಪಗಡೆಯಲ್ಲಿ ರಾಜ್ಯ ಸೋತ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿದ್ದ. ದಾರಿಯಲ್ಲಿ ಒಂದು ತಾರೆಮರವನ್ನು ಕಂಡು ಋತುಪರ್ಣ ಅದರ ಎಲೆ, ಕಾಯಿಗಳ ಲೆಕ್ಕವನ್ನು ನಿಂತಲ್ಲೇ ಹೇಳಿದ. ನಳ ನಂಬಲಿಲ್ಲ. ರಥದಿಂದಿಳಿದು ಎಣಿಸಿಯೇ ನೋಡಿದ. ‘ನೀನೂ ಎಣ್ಸು ಮಗಾ, ಆಮೇಲೆ ಬೈಯಿ.’

ಎಣಿಕೆ ಶುರುವಾಯಿತು. ಪಾಂಡವಪುರದವನು ಎಸೆಯುವುದು, ಮನೆಯವನು ಕೂಗುವುದು, ಇವನು ಬರೆಯುವುದು. ಮೊದಲ ಹತ್ತು ಎಸೆತದಲ್ಲಿ ಒಂದೂ ಬಾರ ಬೀಳಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬೀಜಗಳಿಗೆ ಬಾರವೇ ಇಲ್ಲವೆಂದು ತೀರ್ಪಾಗುತ್ತಿತ್ತು. ನೂರು ಮುಗಿಯುವ ಹೊತ್ತಿಗೆ 14 ಬಾರ, 2 ಚೌಕ. ಬಿಡಿಬಿಡಿಯಾಗಿ ಎಣಿಸಿದರೆ 400 ಬೀಜಗಳಲ್ಲಿ 240 ಕಪ್ಪು, 160 ಬಿಳಿ.

ಹುಡುಗನ ಗುಣಾಕಾರ ತಪ್ಪಿರಲಿಲ್ಲ. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆಂದು ಅವನು ಕೇಳದೆಯೇ ಒಪ್ಪಿಕೊಂಡಿದ್ದ. ಪಠ್ಯಪುಸ್ತಕದ ಸೈದ್ಧಾಂತಿಕ ಸಂಭವನೀಯತೆ ನಿಂತಿರುವುದೇ ಆ ಒಪ್ಪಿಗೆಯ ಮೇಲೆ. ನಾಣ್ಯಕ್ಕೆ ಅದು ಹೊಂದುತ್ತದೆ. ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬಾಗಿರುವ ಬೀಜಕ್ಕೆ ಹೊಂದಲೇಬೇಕೆಂದಿಲ್ಲ, ಎಸೆದೇ ತಿಳಿಯಬೇಕು. ಹಾಗೆ ಎಸೆದು ಸಿಕ್ಕಿದ್ದು ಪ್ರಾಯೋಗಿಕ ಸಂಭವನೀಯತೆ: ಈ ಬೀಜಗಳಿಗೆ ಹತ್ತಕ್ಕೆ ಆರು ಕಪ್ಪು.

ಅವನು ಹಾಳೆ ತಿರುವಿ ಮತ್ತೆ ಗುಣಿಸಿದ. ನಾಲ್ಕೂ ಕಪ್ಪಾಗಲು 6×6×6×6, ಅಂದರೆ 10,000ಕ್ಕೆ 1,296. ನೂರಕ್ಕೆ ಸುಮಾರು 13. ಬಿದ್ದದ್ದು 14. ನಾಲ್ಕೂ ಬಿಳಿಗೆ 4×4×4×4, ಅಂದರೆ 256. ನೂರಕ್ಕೆ ಎರಡೋ ಮೂರೋ. ಬಿದ್ದದ್ದು 2. ಹಾಗಾದರೆ 40 ಎಸೆತಕ್ಕೆ ಐದು ಬಾರ ಸಹಜವೇ. ಹುಡುಗಿಗೆ ಬಿದ್ದ ಆರರಲ್ಲಿ ಕಳ್ಳತನಕ್ಕೆ ಜಾಗವೇ ಇರಲಿಲ್ಲ.

ನೂರು ಎಸೆತವೂ ಕಡೆಯ ಮಾತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವನ್ನು 10,000 ಸಲ ಚಿಮ್ಮಿಸಿದ. ಮೊದಲ ನೂರರಲ್ಲಿ ತಲೆಯ ಮಗ್ಗುಲು ಬಿದ್ದದ್ದು 44 ಸಲ. ಹತ್ತು ಸಾವಿರದಲ್ಲಿ 5,067. ಸೆರೆಯಲ್ಲಿದ್ದವನಿಗೆ ಪುರುಸೊತ್ತಿತ್ತು. ಇಲ್ಲಿ ಅಜ್ಜಿ ಮುದ್ದೆ ಆರುತ್ತದೆಂದು ಕೂಗುತ್ತಿದ್ದರು.

ಊಟಕ್ಕೆ ಕೂತಾಗ ಹುಡುಗ ಏನೂ ಹೇಳಲಿಲ್ಲ. ನೋಟ್‌ಬುಕ್ಕನ್ನು ಅವಳ ತಟ್ಟೆಯ ಪಕ್ಕಕ್ಕೆ ಸರಿಸಿದ. ಅವಳು ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಮರುದಿನದ ಬಸ್ಸು ಅವಳಿಲ್ಲದೆ ಹೋಯಿತು. ಬೆಳಿಗ್ಗೆ ಅಜ್ಜಿ ಹೊಸದಾಗಿ ನಾಲ್ಕು ಬೀಜ ತೇಯ್ದು ಕೊಟ್ಟಾಗ, ಇವಕ್ಕೆ ನಿನ್ನೆಯ ಲೆಕ್ಕ ನಡೆಯದೆಂದು ಹುಡುಗ ಮತ್ತೆ ಪೆನ್ಸಿಲ್ ಹುಡುಕಿದ. ಅಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ಹಾಳೆಯಲ್ಲಿ ನಾಲ್ವರ ಹೆಸರನ್ನೂ ಬರೆದಿದ್ದಳು.

‘ನೀನು ಎಸಿ, ನಾನು ಬರ್ಕೋತೀನಿ’ ಎಂದಳು.