ಚೀನೀ ತಟ್ಟೆಯಲ್ಲಿ ಜುಮ್ಮನಕಾಯಿ

ಬೆಂಗಳೂರಿನ ಇಂದಿರಾನಗರದಲ್ಲಿ ಜೋರು ಮಳೆ. ಊಟದ ಹೊತ್ತು ಮೀರಿತ್ತು. ಎದುರಿಗಿದ್ದ ಹೊಸ ಚೀನೀ ಹೋಟೆಲಿಗೆ ಮೊಮ್ಮಗಳು ನಮ್ಮನ್ನು ಎಳೆದೊಯ್ದಳು. ಗಾಜಿನ ಗೋಡೆ, ಮಂದ ಬೆಳಕು, ತೆರೆದ ಅಡುಗೆಮನೆಯಲ್ಲಿ ಭುಗ್ಗೆನ್ನುವ ಬೆಂಕಿ. ಕುಮಟೆಯ ನನ್ನವಳು, "ನನಗೆ ನೀರು ಸಾಕು" ಎಂದು ಕುಳಿತುಬಿಟ್ಟಳು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಮಾಂಸವಿಲ್ಲದ ಸಿಚುವಾನ್ ತೋಫು ಬಂತು. ತೋಫು ಎಂದರೆ ಸೋಯಾ ಹಾಲಿನ ಪನೀರು ಇದ್ದ ಹಾಗೆ.

"ಒಂದೇ ತುಂಡು, ಅಜ್ಜಿ!"

ಬಾಯಿಗಿಟ್ಟವಳ ಕಣ್ಣರಳಿತು. "ನಾಲಿಗೆ ಜುಮ್ಮೆನ್ನುತ್ತದಲ್ಲ! ಇದು ನಮ್ಮ ಜುಮ್ಮನಕಾಯಿಯೇ!"

ನಿಜ. ಸಿಚುವಾನ್ ಮೆಣಸೂ ನಮ್ಮ ಕರಾವಳಿಯ ಜುಮ್ಮನಕಾಯಿಯೂ ಹತ್ತಿರದ ನೆಂಟರು. ಎರಡೂ ನಿಂಬೆಯ ಬಳಗದವು.

ಅಜ್ಜಿ ಅನ್ನ ತರಿಸಿ, ಕಡ್ಡಿಗಳನ್ನು ಬದಿಗಿಟ್ಟು, ಕೈಯಲ್ಲೇ ಕಲಸಿ ಹೊಟ್ಟೆ ತುಂಬ ಉಂಡಳು. ಕೊನೆಗೆ ಬಂದದ್ದು ಚಹಾ. ಮಕ್ಕಳೇ, ಆ ಹೆಸರೂ ಚೀನಾದಿಂದಲೇ ಬಂದದ್ದು!